ಕಿರಿಕಿರಿಯ ಲೆಕ್ಕ

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ‘ಕಿರಿಕಿರಿಯ ಮಾತು ಬೇಡ’ ಎಂಬ ನಿಯಮವೂ ನನ್ನದೇ. ಮೊನ್ನೆ ಒಬ್ಬರು, ‘ಗಣೇಶೋತ್ಸವದ ಲೆಕ್ಕ ಎಲ್ಲಿ ಸ್ವಾಮಿ?’ ಎಂದು ಕೇಳಿದರು. ಲೆಕ್ಕ ಕೊಡಬೇಕಾದವನೂ ನಾನೇ. ಕಿರಿಕಿರಿಯಾಯಿತು, ಅಳಿಸಿಬಿಟ್ಟೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ನೆನಪಾಯಿತು. ಕಿರಿಕಿರಿ ಮಾಡಲೆಂದು ಕಳಿಸಿದ ಸಂದೇಶಕ್ಕೂ 3 ವರ್ಷದವರೆಗೆ ಜೈಲು ಎನ್ನುತ್ತಿತ್ತು ಅದು. ಇಂಥ ಪದಗಳಿಗೆ ಖಚಿತ ಅರ್ಥವಿಲ್ಲವೆಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಕಲಮನ್ನೇ ರದ್ದುಪಡಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ!

ಬೈಗುಳ ಅಳಿಸುವುದು ಬೇರೆ, ಪ್ರಶ್ನೆ ಅಳಿಸುವುದು ಬೇರೆ. ಬೆಳಿಗ್ಗೆ ಎದ್ದವನೇ ‘ಬೈಗುಳ ಬೇಡ’ ಎಂದು ನಿಯಮ ತಿದ್ದಿದೆ. ಕ್ಷಮೆ ಕೇಳಿ ಲೆಕ್ಕ ಹಾಕಿದೆ. 300 ರೂಪಾಯಿ ತಾಳೆಯಾಗಲಿಲ್ಲ. ಅದನ್ನೂ ಬರೆದೆ.