ಕುಂಟುವ ಕೋಳಿಯನ್ನು ಕೊಯ್ಯುವ ಮುಂಚೆ

ಬಾಶೆಟ್ಟಿಹಳ್ಳಿ ಅಂದರೆ ಈಗ ಜನಕ್ಕೆ ನೆನಪಾಗುವುದು ಕೈಗಾರಿಕಾ ಪ್ರದೇಶ, ಶಿಫ್ಟ್ ಬಸ್ಸು, ಬಾಡಿಗೆ ಮನೆ. ಆದರೂ ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿ ಸಾಕಿಕೊಂಡ ಮನೆಗಳು ಇನ್ನೂ ಇವೆ. ನಮ್ಮದೂ ಅಂಥದ್ದೇ ಮನೆ. ಕೋಳಿಯೊಂದು ಕುಂಟಿತು ಅಂದರೆ ಅಕ್ಕಪಕ್ಕದಿಂದ ಬರುವ ಮಾತು ಒಂದೇ: "ಇವತ್ತೇ ಕುಯ್ದ್‌ಬುಡ್ರವ್ವ, ನಾಳೆ ಸತ್ತೋದ್ರೆ ದಂಡ."

ಆ ಮಾತನ್ನು ನಾವು ಹೀಗಳೆಯುವುದಿಲ್ಲ. ನಾವೂ ಬಾಡೂಟ ಉಣ್ಣುವವರೇ. ಆದರೆ ಯಾಕೆ ಕುಂಟುತ್ತಿದೆ ಅಂತ ನೋಡದೆ ಕೊಯ್ದರೆ, ನಾಲ್ಕು ದಿನ ನೋಡಿಕೊಂಡಿದ್ದರೆ ಓಡಾಡಬಹುದಾಗಿದ್ದ ಹೇಂಟೆ ಹೋಗುತ್ತದೆ. ಅದು ರೋಗವೇ ಆಗಿದ್ದರೆ ಇನ್ನೂ ಕಷ್ಟ. ಪುಕ್ಕ, ಕರುಳು ತಿಪ್ಪೆಗೆ ಎಸೆಯುತ್ತೇವೆ, ಬೀದಿ ಕೋಳಿಗಳೆಲ್ಲ ಅಲ್ಲೇ ಕೆದಕುತ್ತವೆ.

ಮೊದಲು ಮರಿಗಳ ವಿಷಯ. ಮೊಟ್ಟೆಯಿಂದ ಬಂದ ಮರಿಯ ಎರಡು ಕಾಲೂ ಪಕ್ಕಕ್ಕೆ ಜಾರಿ, ಹೊಟ್ಟೆ ನೆಲಕ್ಕೆ ತಾಗಿ ಬಿದ್ದಿರುವುದನ್ನು ನೀವು ನೋಡಿರುತ್ತೀರಿ. ಬಹಳ ಸಲ ಇದಕ್ಕೆ ನುಣುಪು ನೆಲವೇ ಕಾರಣ. ರಟ್ಟಿನ ಡಬ್ಬಕ್ಕೆ ನ್ಯೂಸ್‌ಪೇಪರ್ ಹಾಸಿ ಮರಿ ಬಿಡುತ್ತೇವೆ, ಅದರ ಮೇಲೆ ಕಾಲು ನಿಲ್ಲುವುದಿಲ್ಲ. (ಪತ್ರಿಕೋದ್ಯಮ ಓದಿದ ನಾವೇ ಹೇಳುತ್ತಿದ್ದೇವೆ, ಮರಿಯ ಕೆಳಗೆ ಪತ್ರಿಕೆ ಬೇಡ.) ಗೋಣಿಚೀಲ ಹಾಸಿ. ಒಂದು ಬ್ಯಾಂಡೇಡನ್ನು ಉದ್ದಕ್ಕೆ ಸೀಳಿ ಎರಡೂ ಕಾಲಿಗೆ ಸುತ್ತಿ. ಮರಿ ಸರಿಯಾಗಿ ನಿಂತಾಗ ಕಾಲುಗಳ ನಡುವೆ ಎಷ್ಟು ಜಾಗ ಇರುತ್ತದೋ ಅಷ್ಟು ಬಿಡಬೇಕು. ಬಿಗಿಯಬಾರದು. ದಿನಕ್ಕೊಮ್ಮೆ ನೋಡಿ, ಕಾಲು ಊದಿದ್ದರೆ ಬಿಚ್ಚಿ ಮತ್ತೆ ಸುತ್ತಿ. ಹುಟ್ಟಿದ ಎರಡು ದಿನದೊಳಗೆ ಹೀಗೆ ಮಾಡಿದರೆ ನಾಲ್ಕೈದು ದಿನದಲ್ಲಿ ಹೆಚ್ಚಿನವು ನೆಟ್ಟಗೆ ನಡೆಯುತ್ತವೆ. ವಾರ ಕಳೆಯಿತೋ, ಕಷ್ಟ. ಅಷ್ಟು ದಿನವೂ ನೀರಿನ ತಟ್ಟೆಗೆ ಸಣ್ಣ ಕಲ್ಲು ಹಾಕಿಡಿ, ಇಲ್ಲವಾದರೆ ಮುಖ ಅದ್ದಿಕೊಂಡು ಸಾಯುತ್ತವೆ.

ಮರಿಯ ಬೆರಳು ಒಳಕ್ಕೆ ಮುದುರಿದ್ದರೆ ಅದು ಬಿ2 ಜೀವಸತ್ವದ ಕೊರತೆ ಇರಬಹುದು. ಬರೀ ಅಕ್ಕಿ ನುಚ್ಚು ತಿಂದರೆ ಹಾಗಾಗುತ್ತದೆ. ಸೊಪ್ಪು, ಸ್ವಲ್ಪ ಮೊಸರು, ಔಷಧಿ ಅಂಗಡಿಯ ಕೋಳಿ ವಿಟಮಿನ್ ಹನಿ ಕೊಡಿ.

ದೊಡ್ಡ ಕೋಳಿಗಳಿಗೆ ನಮ್ಮೂರಲ್ಲಿ ಕಾಲು ಹೋಗುವುದು ರಸ್ತೆಯಿಂದ. ಬೆಳಗಿನ ಶಿಫ್ಟಿಗೆ ಬೈಕುಗಳು ನುಗ್ಗುವ ಹೊತ್ತಿಗೇ ಕೋಳಿ ಬಿಡುತ್ತೇವೆ. ನಮ್ಮ ಕೆಂಚಿಯ ಕಾಲು ಮುರಿದದ್ದು ಹಾಗೇ, ಮಂಡಿಯಿಂದ ಕೆಳಗೆ. ತೊಡೆಯಲ್ಲಿ ಮುರಿದಿದ್ದರೆ ಉಳಿಸುವುದು ಕಷ್ಟವಿತ್ತು. ಹತ್ತಿ ಸುತ್ತಿ, ಎರಡು ಕಡೆ ಬಿದಿರಿನ ಸೀಳು ಇಟ್ಟು ಬಟ್ಟೆಯಲ್ಲಿ ಕಟ್ಟಿದೆವು. ಮೂರು ವಾರ ಮಂಕರಿ ಕೆಳಗೇ ಇತ್ತು. ಬೇರೆ ಕೋಳಿಗಳಿಗೆ ಬಿಟ್ಟರೆ ಕುಕ್ಕಿ ಕೊಲ್ಲುತ್ತವೆ, ಕಣ್ಣಿಗೆ ಕಾಣದಷ್ಟು ದೂರ ಇಟ್ಟರೆ ಅದು ಮೇವು ಮುಟ್ಟುವುದಿಲ್ಲ. ಅದಕ್ಕೇ ಮಂಕರಿಯನ್ನು ಅಂಗಳದ ನಡುವೆಯೇ ಇಟ್ಟೆವು. ದಿನಾ ಹುಲ್ಲು ಬದಲಿಸಬೇಕು, ಎದೆ ಹುಣ್ಣಾಗಿದೆಯಾ ನೋಡಬೇಕು, ಹಿಂಬದಿ ಒರೆಸಬೇಕು. ಈ ಚಾಕರಿಯೆಲ್ಲ ಯಾರ ಮನೆಯಲ್ಲೂ ಹೆಂಗಸರ ಪಾಲಿಗೇ ಬರುವುದು, ಅದನ್ನೂ ಬರೆದಿಡಬೇಕು.

ಇನ್ನು ಆರೈಕೆಗೆ ಬಗ್ಗದ ಕುಂಟು. ಎರಡರಿಂದ ಐದು ತಿಂಗಳ ಕೋಳಿ ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಬಿದ್ದರೆ ಮರೆಕ್ಸ್ ಇರಬಹುದು. 1907ರಲ್ಲಿ ಇದನ್ನು ಮೊದಲು ವಿವರಿಸಿದ ಹಂಗೇರಿಯ ಪಶುವೈದ್ಯ ಯೋಜೆಫ್ ಮರೆಕ್ ಹೆಸರೇ ಇದಕ್ಕೆ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಕೋಳಿಗೆ ಮದ್ದಿಲ್ಲ. ಹ್ಯಾಚರಿಯಲ್ಲಿ ಮರಿ ಹೊರಬಂದ ದಿನವೇ ಲಸಿಕೆ ಹಾಕುತ್ತಾರೆ. ನಮ್ಮ ಹಿತ್ತಲ ಮರಿಗೆ ಯಾರು ಹಾಕಬೇಕು? ಮನೆ ಮರಿಯ ಜೊತೆ ಹೊರಗಿನ ಮರಿ ತಂದು ಸೇರಿಸುವಾಗ ಇದು ನೆನಪಿರಲಿ.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದು ಉಳಿದ ಕೋಳಿಗೆ ಕತ್ತು ತಿರುಚಿಕೊಳ್ಳುತ್ತದೆ. ಕಾಳಿಗೆ ಗುರಿಯಿಟ್ಟರೆ ಕೊಕ್ಕು ಪಕ್ಕದ ಮಣ್ಣಿಗೆ ಬೀಳುತ್ತದೆ. ಅದಕ್ಕೆ ಕಾಳು ಚೆಲ್ಲಬೇಡಿ. ಆಳವಾದ ಬಟ್ಟಲಲ್ಲಿ ತುಂಬಿಸಿಡಿ, ಆಗದಿದ್ದರೆ ರಾಗಿ ಹಿಟ್ಟಿನ ಉಂಡೆ ಕೈಯಲ್ಲಿ ತಿನ್ನಿಸಿ. ಆದರೆ ಇದಕ್ಕೆ ಲಸಿಕೆ ಇದೆ: ಮೊದಲ ವಾರ ಹನಿ, ಎಂಟನೇ ವಾರದ ಸುಮಾರಿಗೆ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರಕ್ಕೂ ಹೆಚ್ಚು ಕೋಳಿಗೆ ಆಗುವಷ್ಟಿರುತ್ತದೆ, ತೆರೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿ ಇರುವ ಮನೆಯವರು ಒಬ್ಬರೇ ಹೋಗಿ ಏನು ಮಾಡುತ್ತಾರೆ? ಬೀದಿಯವರೆಲ್ಲ ಒಂದು ದಿನ ಗೊತ್ತುಮಾಡಿಕೊಂಡು ಪಶು ಆಸ್ಪತ್ರೆಯಲ್ಲಿ ಕೇಳಿ.

ಯಾವಾಗ ಸಾಕು ಅನ್ನಬೇಕು? ನಮ್ಮಜ್ಜಿ ಕೋಳಿಯ ಮುಂದೆ ನಾಲ್ಕು ಕಾಳು ರಾಗಿ ಇಡುತ್ತಾರೆ. ಎರಡು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ, ನೀರೂ ಕುಡಿಯಲಿಲ್ಲ ಅಂದರೆ ನರಳಿಸದೆ ಮುಗಿಸಿಬಿಡುತ್ತಾರೆ. ರೋಗದ ಅನುಮಾನ ಇದ್ದರೆ ಸಾರಿಲ್ಲ. ಸುಣ್ಣ ಹಾಕಿ ಆಳಕ್ಕೆ ಹೂಳುತ್ತಾರೆ, ನಾಯಿ ಕೆದರದ ಹಾಗೆ.

ಕೆಂಚಿ ಈಗ ಕುಂಟುತ್ತದೆ, ಅಟ್ಟಕ್ಕೆ ಹಾರಲಾರದು. ಮೊಟ್ಟೆ ಇಡುವ ಬುಟ್ಟಿಯನ್ನು ನೆಲಕ್ಕೆ ಇಳಿಸಿದ್ದೇವೆ. ಈಗ ಬೇರೆ ಹೇಂಟೆಗಳೂ ಅದರಲ್ಲೇ ಮೊಟ್ಟೆ ಇಡುತ್ತಿವೆ.