ಸ್ಟಾಕಿಂಗ್ಸ್ ಕೊಳ್ಳಲು ಹೋದ ಹುಡುಗ

1969ರ ಜನವರಿ ಕೊನೆಯಲ್ಲಿ ಅಲನ್ ಪಾರ್ಸನ್ಸ್ ಎಂಬ 20ರ ಹುಡುಗ ಲಂಡನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗೆ ಹೋಗಿ ಹೆಂಗಸರು ಹಾಕುವ ತೆಳು ಸ್ಟಾಕಿಂಗ್ಸ್ ಕೇಳಿದ. ಯಾವ ಅಳತೆಯದು ಎಂದದ್ದಕ್ಕೆ, ಯಾವುದಾದರೂ ನಡೆಯುತ್ತದೆ ಅಂದನಂತೆ. ಇವನು ಬ್ಯಾಂಕ್ ದರೋಡೆಗೆ ಹೊರಟವನೇ ಇರಬೇಕೆಂದು ಅಂಗಡಿಯವರಿಗೆ ಅನಿಸಿದ್ದರೆ ತಪ್ಪೇನಿಲ್ಲ. ಅವನು ಹೊರಟಿದ್ದು ಸೆವಿಲ್ ರೋ ಬೀದಿಯ 3ನೇ ನಂಬರಿನ ಕಟ್ಟಡಕ್ಕೆ. ಅದರ ತಾರಸಿಯ ಮೇಲೆ ಬೀಟಲ್ಸ್ ಹಾಡುವವರಿದ್ದರು. ಮೈಕಿನೊಳಗೆ ಚಳಿಗಾಲದ ಗಾಳಿ ಭರ್ರೆಂದು ನುಗ್ಗದಂತೆ ಅದಕ್ಕೊಂದು ಮುಸುಕು ಬೇಕಿತ್ತು.

ಜನವರಿ 30, ಗುರುವಾರ, ಮಧ್ಯಾಹ್ನದ ಊಟದ ಹೊತ್ತು. ಲೆನನ್ ಮೈಮೇಲೆ ಯೋಕೊ ಓನೋಳ ತುಪ್ಪಳದ ಕೋಟು, ರಿಂಗೊ ಮೈಮೇಲೆ ಹೆಂಡತಿಯ ಕೆಂಪು ರೇನ್‌ಕೋಟು. ಬಿಲ್ಲಿ ಪ್ರೆಸ್ಟನ್ ಎಲೆಕ್ಟ್ರಿಕ್ ಪಿಯಾನೊ ಮುಂದೆ ಕೂತಿದ್ದ. ಒಂದು ಹಾಡಿನ ಸಾಲುಗಳು ಲೆನನ್‌ಗೆ ನೆನಪಿಲ್ಲವೆಂದು ಸಹಾಯಕನೊಬ್ಬ ಅವನೆದುರು ಮಂಡಿಯೂರಿ, ಸಾಹಿತ್ಯ ಬರೆದ ಹಾಳೆಯನ್ನು ಎತ್ತಿ ಹಿಡಿದಿದ್ದ. ಬೆರಳು ಮರಗಟ್ಟಿ ಕಾರ್ಡ್ ಹಿಡಿಯಲಾಗುತ್ತಿಲ್ಲವೆಂದು ಲೆನನ್ ಗೊಣಗಿದ್ದೂ ದಾಖಲಾಗಿದೆ. 42 ನಿಮಿಷ ನಡೆಯಿತು. ಅಷ್ಟರಲ್ಲಿ ಗಲಾಟೆಯ ದೂರು ಬಂದು ಪೊಲೀಸರು ಮೇಲೆ ಹತ್ತಿದ್ದರು. ಆ ನಾಲ್ವರೂ ಜೊತೆಯಾಗಿ ಜನರಿಗೆ ಕೇಳುವಂತೆ ನುಡಿಸಿದ್ದು ಅದೇ ಕೊನೆ. ಕೊನೆಯದು ಎಂದು ಆ ಪೊಲೀಸರಿಗಂತೂ ಗೊತ್ತಿರಲಿಲ್ಲ.

ನನಗೆ ಇಂಥ ತಾರೀಖುಗಳ ಹುಚ್ಚು. ಅಡುಗೆಮನೆಯ ಗೋಡೆಗೆ ನೇತುಹಾಕುವ ಕ್ಯಾಲೆಂಡರಿನಲ್ಲಿ ಸಂಕಷ್ಟಿ, ಅಮಾವಾಸ್ಯೆ, ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಇವುಗಳ ನಡುವೆ ಜಾಗ ಹುಡುಕಿ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ದಿನ ಬಂದಾಗ, ಸಾಧ್ಯವಾದರೆ ಅದೇ ಗಳಿಗೆಗೆ, ಅದೇ ಹಾಡು ಹಾಕಿಕೊಂಡು ಕೂರುವುದು. ಗಳಿಗೆ ಹೊಂದಿಸುವುದರಲ್ಲೇ ಅರ್ಧ ಸುಖ. ಲಂಡನ್ನಿನ ಮಧ್ಯಾಹ್ನ ಹನ್ನೆರಡೂವರೆ ಎಂದರೆ ಚಳಿಗಾಲದಲ್ಲಿ ನಮಗೆ ಸಂಜೆ ಆರು. ಆದರೆ ಆ ವರ್ಷಗಳಲ್ಲಿ ಬ್ರಿಟನ್ನಿನವರು ಚಳಿಗಾಲದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಪ್ರಯೋಗ ನಡೆಸಿದ್ದರು. ಹಾಗಾಗಿ ತಾರಸಿಯ ಮುಹೂರ್ತ ನಮ್ಮ ಐದು ಗಂಟೆಗೇ. ಇದನ್ನು ತಿಳಿದು ಯಾರಿಗೂ ಆಗಬೇಕಾದ್ದಿಲ್ಲ. ನನಗೆ ಆಗುತ್ತದೆ.

ಹುಟ್ಟುಹಬ್ಬ, ಪುಣ್ಯತಿಥಿಗಳನ್ನು ನಾನು ಬರೆಯುವುದಿಲ್ಲ. ರಾಕ್ ಲೋಕಕ್ಕೆ ಸಾವಿನ ಮೇಲೆ ಅತಿಯಾದ ಮೋಹವಿದೆ. 27ಕ್ಕೆ ಸತ್ತವರದ್ದೇ ಒಂದು ಪಂಗಡ ಮಾಡಿಟ್ಟಿದ್ದಾರೆ. ಆಲ್ಬಮ್ ಬಿಡುಗಡೆಯ ದಿನಗಳೂ ನನಗೆ ಅಷ್ಟಕ್ಕಷ್ಟೆ. ಕಂಪನಿಯವರು ಐವತ್ತನೇ ವರ್ಷದ ದುಬಾರಿ ಪೆಟ್ಟಿಗೆ ಮಾರುವುದಕ್ಕೆ ಅವು ಬೇಕು. ಅದೂ ಅಲ್ಲದೆ, ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಅಮೆರಿಕದಲ್ಲಿ ಬಂದದ್ದು 1973ರ ಮಾರ್ಚ್ 1ಕ್ಕೆ, ಬ್ರಿಟನ್ನಿನಲ್ಲಿ ಅದೇ ತಿಂಗಳು ತಡವಾಗಿ. ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿ ಎಂದು ಎರಡೆರಡು ದಿನ ಬಂದ ಹಾಗೆ. ನನಗೆ ಬೇಕಾದದ್ದು ಕೆಲಸ ನಡೆದ ದಿನ. ಸುತ್ತ ಇದ್ದವರಿಗೆ ಅದು ಬರೀ ಇನ್ನೊಂದು ಗುರುವಾರವೋ ಭಾನುವಾರವೋ ಆಗಿದ್ದ ದಿನ.

ಪಿಂಕ್ ಫ್ಲಾಯ್ಡ್‌ನ ಆ ಆಲ್ಬಮ್ಮನ್ನೇ ನೋಡಿ. ಆಬಿ ರೋಡ್ ಸ್ಟುಡಿಯೊದಲ್ಲಿ ಅದರ ಧ್ವನಿಮುದ್ರಣ ನೋಡಿಕೊಂಡ ಎಂಜಿನಿಯರ್ ಬೇರೆ ಯಾರೂ ಅಲ್ಲ, ಅದೇ ಸ್ಟಾಕಿಂಗ್ಸ್ ಹುಡುಗ. ‘ಟೈಮ್’ ಹಾಡಿನ ಮೊದಲಿಗೆ ಒಮ್ಮೆಲೇ ಬಡಿದುಕೊಳ್ಳುವ ಗಡಿಯಾರಗಳಿವೆಯಲ್ಲ, ರಾತ್ರಿ ಇಯರ್‌ಫೋನಿನಲ್ಲಿ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಪಾರ್ಸನ್ಸ್ ಹಳೇ ಗಡಿಯಾರಗಳ ಅಂಗಡಿಯೊಂದರಲ್ಲಿ ಕೂತು ಒಂದೊಂದರ ಟಿಕ್‌ಟಿಕ್, ಗಂಟೆಗಳನ್ನೂ ಬೇರೆಬೇರೆಯಾಗಿ ಹಿಡಿದುಕೊಂಡಿದ್ದ. ಅದೂ ಈ ಹಾಡಿಗಲ್ಲ, ನಾಲ್ಕು ಸ್ಪೀಕರುಗಳ ಹೊಸ ವ್ಯವಸ್ಥೆಯನ್ನು ತೋರಿಸಿಕೊಡುವ ಇನ್ನಾವುದೋ ಕೆಲಸಕ್ಕೆ. ಆ ಟೇಪು ನೆನಪಾಗಿ ತಂದುಕೊಟ್ಟ, ಹಾಡಿಗೆ ಕೂತುಬಿಟ್ಟಿತು. ಅವನು ಅಂಗಡಿಯಲ್ಲಿ ಕೂತ ಆ ದಿನದ ತಾರೀಖು ಸಿಕ್ಕಿದ್ದರೆ ಅದನ್ನು ಪೆನ್ಸಿಲ್ ಬಿಟ್ಟು ಕೆಂಪು ಶಾಯಿಯಲ್ಲೇ ಬರೆಯುತ್ತಿದ್ದೆ.

ಅದೇ ಆಲ್ಬಮ್ಮಿಗೆ ಕ್ಲೇರ್ ಟೋರಿ ಹಾಡಿದ ತಾರೀಖು ಸಿಕ್ಕಿದೆ: 1973ರ ಜನವರಿ 21, ಭಾನುವಾರ. ಅವರನ್ನು ಕರೆಸಿ ಎಂದು ಹೇಳಿದವನೂ ಪಾರ್ಸನ್ಸೇ. ಬ್ಯಾಂಡಿನ ರಿಕ್ ರೈಟ್‌ನ ಪಿಯಾನೊ ಕೇಳಿಸಿ, ಪದಗಳಿಲ್ಲ, ಸುಮ್ಮನೆ ಹಾಡಿ ಅಂದರು. ಟೋರಿ ಮೆಲ್ಲನೆ ಶುರುಮಾಡಿ ಆಮೇಲೆ ಗಂಟಲು ಬಿಟ್ಟು ಕೂಗಿದರು, ಅತ್ತರು, ನರಳಿದರು. ನಮ್ಮ ಆಲಾಪವೂ ಅಲ್ಲ, ಅವರ ಒಪೆರಾವೂ ಅಲ್ಲ. ಮುಗಿಸಿದ ಮೇಲೆ ಅವರಿಗೇ ಸಂಕೋಚವಾಗಿ ಕ್ಷಮೆ ಕೇಳಿದರಂತೆ. 30 ಪೌಂಡ್ ಕೈಗೆ ಬಂತು. ತಾನು ಹಾಡಿದ್ದನ್ನು ಆಲ್ಬಮ್ಮಿನಲ್ಲಿ ಇಟ್ಟುಕೊಂಡಿದ್ದಾರೆ ಎಂದು ಅವರಿಗೆ ತಿಳಿದದ್ದೇ ರೆಕಾರ್ಡ್ ಅಂಗಡಿಯಲ್ಲಿ. 1988ರ ಹೊತ್ತಿಗೆ ಆ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಕಳೆದಿತ್ತು. ಹಾಡು ಕಟ್ಟಿದವರಲ್ಲಿ ಟೋರಿಯೂ ಒಬ್ಬರೆಂದು ಒಪ್ಪಿಕೊಂಡದ್ದು ಮಾತ್ರ 2005ರಲ್ಲಿ, ಅದೂ ಕೋರ್ಟು ಹತ್ತಿದ ಮೇಲೆ. ಕೂಗಿದ್ದಕ್ಕೆ ಕೂಲಿ ಸಾಕು ಎಂದು ಇಷ್ಟು ವರ್ಷ ಅಂದುಕೊಂಡವರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಜನವರಿ 21ಕ್ಕೆ ನಾನು ಪಿಂಕ್ ಫ್ಲಾಯ್ಡ್ ಎಂದು ಬರೆಯುವುದಿಲ್ಲ, ಟೋರಿ ಎಂದು ಬರೆಯುತ್ತೇನೆ.

ಜುಲೈ 5ರದು ಎಲ್ಲರಿಗೂ ಗೊತ್ತಿರುವ ಕಥೆ. 1954, ಮೆಂಫಿಸ್, ಸನ್ ಸ್ಟುಡಿಯೊ. 19ರ ಎಲ್ವಿಸ್ ಸಂಜೆಯೆಲ್ಲ ನಿಧಾನದ ಹಾಡುಗಳನ್ನು ಹಾಡಿ ಯಾವುದೂ ಹತ್ತದೆ, ಬಿಡುವಿನಲ್ಲಿ ಆರ್ಥರ್ ಕ್ರಡಪ್‌ನ ಹಳೇ ಹಾಡೊಂದನ್ನು ಹಿಡಿದು ಮಂಗಾಟಕ್ಕೆ ಇಳಿದ. ಬಿಲ್ ಬ್ಲ್ಯಾಕ್‌ನ ಬಾಸ್, ಸ್ಕಾಟಿ ಮೂರ್‌ನ ಗಿಟಾರ್ ಸೇರಿಕೊಂಡವು. ಸ್ಟುಡಿಯೊದ ಯಜಮಾನ ಸ್ಯಾಮ್ ಫಿಲಿಪ್ಸ್ ಬಾಗಿಲಾಚೆ ತಲೆ ಹಾಕಿ ಏನು ನಡೆಸಿದ್ದೀರಿ ಎಂದು ಕೇಳಿದ. ಅವರಿಗೇ ಗೊತ್ತಿರಲಿಲ್ಲ. ಊರಿನ ತಾರೀಖುಗಳೂ ನನ್ನಲ್ಲಿವೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ಕ್ಕೆ ಐರನ್ ಮೇಡನ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕ. ಇವು ದೊಡ್ಡ ದಿನಗಳೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹಾಗಾಗಿಯೇ ಏನೋ, ನೆನಪಿನಲ್ಲಿ ಅಷ್ಟು ರುಚಿಯಿಲ್ಲ.

ರುಚಿಯೆಂದರೆ ಆಗಸ್ಟ್ 18. ವುಡ್‌ಸ್ಟಾಕ್ ಮೂರು ದಿನದ ಜಾತ್ರೆ, 1969ರ ಆಗಸ್ಟ್ 15ರ ಶುಕ್ರವಾರದಿಂದ ಭಾನುವಾರದವರೆಗೆ. ಮೊದಲ ರಾತ್ರಿ ರವಿಶಂಕರ್ ಮಳೆಯಲ್ಲೇ ಸಿತಾರ್ ನುಡಿಸಿದರು. ಮಳೆ, ಕೆಸರು, ತಡ ಎಲ್ಲ ಸೇರಿ ಭಾನುವಾರ ರಾತ್ರಿ ಬರಬೇಕಿದ್ದ ಜಿಮಿ ಹೆಂಡ್ರಿಕ್ಸ್ ವೇದಿಕೆ ಹತ್ತಿದ್ದು ಸೋಮವಾರ ಬೆಳಿಗ್ಗೆ. ಲಕ್ಷಗಟ್ಟಲೆ ಸೇರಿದ್ದ ಜನರಲ್ಲಿ ಬಹುಪಾಲು ಮಂದಿ ಕೆಲಸಕ್ಕೋ ಮನೆಗೋ ಹೊರಟುಹೋಗಿದ್ದರು. ಅಮೆರಿಕದ ರಾಷ್ಟ್ರಗೀತೆಯನ್ನು ಅವನು ಗಿಟಾರಿನಲ್ಲಿ ಹಿಂಜಿ, ಬಾಂಬಿನ ಸದ್ದು ಎಬ್ಬಿಸಿ ನುಡಿಸಿದ ಆ ಪ್ರಸಿದ್ಧ ಗಳಿಗೆಯನ್ನು ಕೇಳಿದವರಿಗಿಂತ ತಪ್ಪಿಸಿಕೊಂಡವರೇ ಹೆಚ್ಚು.

2025ರ ಕ್ಯಾಲೆಂಡರ್ 1969ರದ್ದಕ್ಕೆ ವಾರ, ತಾರೀಖು ಸಮೇತ ಹೊಂದುತ್ತದೆ. ತಾರಸಿಯದು ಗುರುವಾರವೇ, ಹೆಂಡ್ರಿಕ್ಸನದು ಸೋಮವಾರವೇ. ಆ ಸೋಮವಾರ ಸಂಜೆ ಆರೂವರೆಗೆ, ಅಲ್ಲಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ಹಾಕಿಕೊಂಡು ಕೇಳಿದೆ. ಇನ್ನು ಹಾಗೆ ಹೊಂದುವುದು 2031ಕ್ಕೆ. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರನ್ನು ರದ್ದಿಗೆ ಹಾಕಲು ಬಿಡದೆ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ, ಆಗ ಹೊಸದು ಕೊಳ್ಳುವುದೇ ಬೇಡ ಎಂದು ಮನೆಯವಳಿಗೆ ಹೇಳಿದ್ದೇನೆ.

“ಸಂಕಷ್ಟಿ ಹೊಂದುತ್ತದೇನ್ರೀ?” ಎಂದಳು. ಹೊಂದುವುದಿಲ್ಲ. ಆ ವರ್ಷ ಎರಡು ಕ್ಯಾಲೆಂಡರ್ ನೇತುಹಾಕುವುದೆಂದು ತೀರ್ಮಾನವಾಗಿದೆ.