ಕಿರುಬೆರಳಿಗೆ ಜೋಮು ಹಿಡಿದಾಗ

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಒಂದು ರೌಂಡ್ ಹಾಕಿ ನೋಡಿ. ಅಲ್ಲೊಂದು ಇಲ್ಲೊಂದು ಬೈಕಿನ ಹ್ಯಾಂಡಲ್ ಕಂಪನಿ ಕೊಟ್ಟದ್ದಾಗಿರೋದಿಲ್ಲ. ಒಂದು ನೆಲ ನೋಡ್ತಾ ಇರುತ್ತೆ, ಇನ್ನೊಂದು ಆಕಾಶ. ಬದಲಾಯಿಸಿದವರನ್ನ ಕೇಳಿದ್ರೆ "ಲುಕ್ ಮಗಾ" ಅಂತಾರೆ. ಲುಕ್ ಇರಲಿ, ಬೇಡ ಅನ್ನೋಕೆ ನಾವ್ಯಾರು. ಆದರೆ ಹ್ಯಾಂಡಲ್ ಚಂದವನ್ನ ನೋಡೋನು ರಸ್ತೆ ಪಕ್ಕ ನಿಂತಿರೋನು. ಅದರ ಭಾರ ಹೊರೋದು ಓಡಿಸೋನ ಮಣಿಕಟ್ಟು.

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಇದರ ಹಿಂದೆ ಬಿದ್ದದ್ದು ನಮ್ಮ ಉದ್ದಣ್ಣನಿಗೋಸ್ಕರ. ಆರಡಿ ಮೇಲೆ ಎರಡಿಂಚು ಇರೋದರಿಂದ ಆ ಹೆಸರು. ಅವನ ಹತ್ತಿರ ಇರೋದು ಆರ್‌ಎಕ್ಸ್ 100. 98 ಸಿಸಿ, ಟೂ ಸ್ಟ್ರೋಕ್, ನಾಲ್ಕು ಗೇರು. 1996ರಲ್ಲೇ ತಯಾರಿಕೆ ನಿಂತ ಬೈಕು. ಆಗ ನಾವ್ಯಾರೂ ಹುಟ್ಟೇ ಇರಲಿಲ್ಲ. ಹಿಂದಿನ ಮಾಲೀಕರು ಅದಕ್ಕೆ ಒಂದು ಗಿಡ್ಡನೆಯ ಸ್ಟ್ರೇಟ್ ಹ್ಯಾಂಡಲ್ ಹಾಕಿಸಿದ್ದರು. ಉದ್ದಣ್ಣ ಅದರ ಮೇಲೆ ಕೂತರೆ ಪ್ರಶ್ನಾರ್ಥಕ ಚಿಹ್ನೆ ಸವಾರಿ ಹೊರಟ ಹಾಗೆ ಕಾಣ್ತಿತ್ತು.

ಶನಿವಾರ ಬಂತು ಅಂದ್ರೆ ಅವನು ತುಮಕೂರಿನಿಂದ ಚಿಕ್ಕನಾಯಕನಹಳ್ಳಿ ಹತ್ತಿರದ ತನ್ನೂರಿಗೆ ಹೊರಡಬೇಕು. ಅಪ್ಪನಿಗೆ ಮಂಡಿನೋವು. ತೋಟಕ್ಕೆ ನೀರು ಬಿಡೋಕೆ, ಕಾಯಿ ಸಾಗಿಸೋಕೆ ಇವನೇ ಆಗಬೇಕು. ಗುಬ್ಬಿ ದಾಟೋ ಹೊತ್ತಿಗೆ ಬಲಗೈ ಕಿರುಬೆರಳು, ಉಂಗುರದ ಬೆರಳು ಎರಡಕ್ಕೂ ಜೋಮು ಹಿಡೀತಿತ್ತು. ಕೈ ಒದರಿಕೊಂಡು ಮುಂದೆ ಹೋಗ್ತಿದ್ದ. ಒಂದು ಸಂಜೆ ಕೆ.ಬಿ. ಕ್ರಾಸ್ ಹತ್ತಿರ ಅಡ್ಡ ಬಂದ ಹಸುವಿಗೆ ಬ್ರೇಕ್ ಹಾಕಿದಾಗ, "ಲಿವರ್ ಹಿಡಿದಿದ್ದೀನೋ ಇಲ್ವೋ ಅಂತಾನೇ ಗೊತ್ತಾಗ್ಲಿಲ್ಲ ಕಣ್ರೋ" ಅಂದ. ಅಷ್ಟರಲ್ಲಿ ಬ್ರೇಕ್ ಹಿಡಿದಿತ್ತು, ಹಸು ದಾಟಿತ್ತು. ಮನೆಯಲ್ಲಿ ವಿಷಯ ಗೊತ್ತಾಗಿ ಅವರಪ್ಪ ಒಂದೇ ಮಾತು ಹೇಳಿದರು: "ಗಾಡಿ ಮಾರ್ಬಿಡು ಮಗ. ನೀನು ವಾರ ವಾರ ಬರೋದೇನೂ ಬೇಡ." ಬರೋದು ಬೇಡ ಅಂದ್ರೆ ತೋಟದ ಕೆಲಸ ಯಾರು ಮಾಡೋದು ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಮೊದಲು ಅವನನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ವಿ. ಕಿರುಬೆರಳ ಕಡೆಗೆ ಹೋಗೋ ಅಲ್ನರ್ ಅನ್ನೋ ನರ ಅಂಗೈ ಬುಡದಲ್ಲಿ, ಕಿರುಬೆರಳ ಬದಿಗೇ ಹಾದುಹೋಗುತ್ತಂತೆ. ಮೈಭಾರವನ್ನ ಗಂಟೆಗಟ್ಟಲೆ ಆ ಜಾಗದ ಮೇಲೆ ಹಾಕಿದ್ರೆ ನರ ಒತ್ತಿಹೋಗುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಬಂದ್ರೆ ಅದು ಮೀಡಿಯನ್ ನರ, ಅದರ ದಾರಿ ಬೇರೆ. "ಒತ್ತಡ ತೆಗೀರಿ, ತಡ ಮಾಡಬೇಡಿ" ಅಂದರು ಡಾಕ್ಟರು. ಒತ್ತಡ ಎಲ್ಲಿಂದ ಬರ್ತಿದೆ ಅಂತ ಹುಡುಕೋದು ನಮ್ಮ ಡಿಪಾರ್ಟ್‌ಮೆಂಟಿನ ಕೆಲಸವೇ ತಾನೆ?

ಸೀಟು, ಫುಟ್‌ರೆಸ್ಟ್, ಹಿಡಿ, ಈ ಮೂರು ಬಿಂದುಗಳ ತ್ರಿಕೋನದಲ್ಲಿ ಸವಾರ ಕೂತಿರ್ತಾನೆ. ಹಿಡಿ ಕೆಳಗೆ, ದೂರಕ್ಕೆ ಹೋದಷ್ಟೂ ಬೆನ್ನು ಮುಂದಕ್ಕೆ ಬಾಗುತ್ತೆ, ಮೇಲ್ಮೈಯ ಭಾರ ಅಂಗೈಗೆ ಬರುತ್ತೆ. ರೇಸಿನವರಿಗೆ ಹೆಚ್ಚು ವೇಗದಲ್ಲಿ ಎದುರುಗಾಳಿ ಎದೆಯನ್ನ ಎತ್ತಿ ಹಿಡಿಯುತ್ತೆ. ಗುಬ್ಬಿ ರಸ್ತೆಯಲ್ಲಿ ಐವತ್ತರಲ್ಲಿ ಹೋಗೋನಿಗೆ ಆ ಗಾಳಿಯ ಸಹಾಯ ಎಲ್ಲಿಂದ ಬರಬೇಕು? ಜೊತೆಗೆ ಎಂಜಿನ್ 5000 ಆರ್‌ಪಿಎಂನಲ್ಲಿದ್ರೆ ಸೆಕೆಂಡಿಗೆ ಸುಮಾರು 83 ಸಲ ನಡುಕ. ಅದೂ ಅದೇ ಅಂಗೈಗೆ.

ಬೈಕನ್ನ ಸೆಂಟರ್ ಸ್ಟ್ಯಾಂಡ್ ಹಾಕಿ ಉದ್ದಣ್ಣನನ್ನ ಕೂರಿಸಿದ್ವಿ. ಕಣ್ಣು ಮುಚ್ಚಿ, ಭುಜ ಸಡಿಲ ಬಿಟ್ಟು, ಮೊಣಕೈ ಸ್ವಲ್ಪ ಬಾಗಿಸಿ ಕೈ ಮುಂದೆ ಚಾಚು ಅಂದ್ವಿ. ದಾರಕ್ಕೆ ನಟ್ ಕಟ್ಟಿ ತೂಗುಗುಂಡು ಮಾಡ್ಕೊಂಡು ಅವನ ಮುಷ್ಟಿ ಎಲ್ಲಿ ನಿಂತಿತೋ ಅಲ್ಲಿಂದ ಅಳತೆ ತಗೊಂಡ್ವಿ. ಅವನ ಕೈ ಕೇಳ್ತಿದ್ದ ಜಾಗ ಇದ್ದ ಹಿಡಿಗಿಂತ 8 ಸೆಂ.ಮೀ. ಮೇಲೆ, 6 ಸೆಂ.ಮೀ. ಹಿಂದೆ! ಈ ಒಂದು ಅಳತೆ ನಿಮ್ಮ ಹತ್ತಿರ ಇದ್ದರೆ ಅಂಗಡಿಯವನು ತೋರಿಸೋ ಹತ್ತು ಹ್ಯಾಂಡಲ್‌ಗಳಲ್ಲಿ ಒಂಬತ್ತನ್ನ ನೋಡಿದ ಕೂಡಲೇ ಬೇಡ ಅನ್ನಬಹುದು.

ಖರ್ಚಿಗೆ ಮುಂಚೆ ಖರ್ಚಿಲ್ಲದ್ದನ್ನ ಮಾಡ್ಬೇಕು. ಕ್ಲಚ್, ಬ್ರೇಕ್ ಲಿವರ್‌ಗಳ ಬೋಲ್ಟ್ ಸಡಿಲಿಸಿ, ಬೆರಳು ಚಾಚಿದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರೋ ಹಾಗೆ ತಿರುಗಿಸಿದ್ವಿ. ಮಣಿಕಟ್ಟು ಮೇಲಕ್ಕೂ ಮಡಚಬಾರದು, ಕೆಳಕ್ಕೂ ಮಡಚಬಾರದು. ಟ್ಯಾಂಕನ್ನ ಮಂಡಿಯಿಂದ ಹಿಡಿದುಕೊಂಡ್ರೆ ಕೈ ಮೇಲಿನ ಭಾರ ಇಳಿಯುತ್ತೆ ಅಂತಾನೂ ಅಭ್ಯಾಸ ಮಾಡಿಸಿದ್ವಿ. ಆ ವಾರ ಜೋಮು ಗುಬ್ಬಿಯಲ್ಲಿ ಬರಲಿಲ್ಲ, ನಿಟ್ಟೂರು ದಾಟಿದ ಮೇಲೆ ಬಂತು. ಅಂದರೆ ದಾರಿ ಸರಿಯಿದೆ, ಇನ್ನೂ ಹೋಗಬೇಕು.

ಮುಂದೆ ಎರಡು ಆಯ್ಕೆ ಇತ್ತು. ಕ್ಲಾಂಪಿನ ಕೆಳಗೆ ರೈಸರ್ ಕೊಟ್ಟು ಇದ್ದ ಹ್ಯಾಂಡಲನ್ನೇ ಎತ್ತರಿಸೋದು, ಅಥವಾ ಹ್ಯಾಂಡಲನ್ನೇ ಬದಲಾಯಿಸೋದು. ನೇರ ರೈಸರ್ ಎತ್ತುತ್ತೆ, ಆದರೆ ನಮಗೆ ಬೇಕಾದಷ್ಟು ಹಿಂದಕ್ಕೆ ಎಳೆಯೋದಿಲ್ಲ. ಕಂಪನಿ ಹ್ಯಾಂಡಲ್ ಇರೋ ಇನ್ನೊಂದು ಆರ್‌ಎಕ್ಸ್ 100 ಹುಡುಕಿ ಅಳೆದು ನೋಡಿದ್ರೆ, ನಮ್ಮ ಅಳತೆಗೆ ಒಂದು ಬೆರಳಷ್ಟು ವ್ಯತ್ಯಾಸ! ದುಬಾರಿ ಇಂಪೋರ್ಟೆಡ್ ಹ್ಯಾಂಡಲ್ ಬಗ್ಗೆ ಕನಸು ಕಾಣ್ತಿದ್ದ ನಮ್ಮಲ್ಲೊಬ್ಬನಿಗೆ ಸ್ವಲ್ಪ ನಿರಾಸೆ ಆಯ್ತು. ಅದೇ ಮಾದರಿಯದನ್ನ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ್ವಿ. ಅಲ್ಲಿ ನೋಡ್ಬೇಕಾದ್ದು ಪೈಪಿನ ಹೊರವ್ಯಾಸ. ನಮ್ಮದು 22 ಮಿ.ಮೀ. ಹ್ಯಾಂಡಲ್ ಕ್ಲಾಂಪಿಗೆ ಹೊಂದದೇ ಇದ್ದರೆ ಎಷ್ಟು ಚಂದ ಇದ್ದರೂ ವಾಪಸ್. ಹಾಗೇ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯ ಮಾರ್ಪಾಡಿನ ಬಗ್ಗೆ ಕಟ್ಟುನಿಟ್ಟಾಗಿದೆ. ಮೂಲಕ್ಕೇ ಮರಳೋನಿಗೆ ಆ ತಲೆನೋವೂ ಇಲ್ಲ.

ಕೂರಿಸೋ ಕೆಲಸ ಕಷ್ಟ ಅಲ್ಲ, ಆದರೆ ಅವಸರದ್ದೂ ಅಲ್ಲ. ಟ್ಯಾಂಕ್ ಮೇಲೆ ಹಳೇ ಬೆಡ್‌ಶೀಟ್ ಹಾಕಿ. ಕೇಬಲ್‌ಗಳು ಯಾವ ದಾರಿಯಲ್ಲಿ ಹೋಗಿವೆ ಅಂತ ಬಿಚ್ಚೋ ಮುಂಚೆ ಫೋಟೋ ತೆಗೀರಿ. ಹ್ಯಾಂಡಲ್ ಮೇಲೆ ಚುಕ್ಕೆ ಗುರುತಿದ್ದರೆ ಅದನ್ನ ಕ್ಲಾಂಪಿನ ಗುರುತಿಗೆ ಸೇರಿಸಿ. ಬೋಲ್ಟ್‌ಗಳನ್ನ ಒಂದೊಂದಾಗಿ ಪೂರ್ತಿ ಬಿಗಿಯಬೇಡಿ, ಸರದಿ ಪ್ರಕಾರ ಸ್ವಲ್ಪ ಸ್ವಲ್ಪ ಬಿಗೀರಿ. ಎಷ್ಟು ಟಾರ್ಕ್ ಅನ್ನೋದು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತೆ. ಗ್ರಿಪ್ ಹಾಕೋವಾಗ ಆಯಿಲ್ ಬೇಡ, ಆಮೇಲೆ ಗ್ರಿಪ್ ಕೈಯಲ್ಲೇ ತಿರುಗುತ್ತೆ. ಸೋಪಿನ ನೀರು ಸಾಕು, ಒಣಗಿದ ಮೇಲೆ ಹಿಡಿದು ಕೂರುತ್ತೆ.

ಎಲ್ಲಕ್ಕಿಂತ ಮುಖ್ಯ ಕೇಬಲ್. ಹ್ಯಾಂಡಲ್ ಎತ್ತರ ಆದ ಮೇಲೆ ಇವನ ಕ್ಲಚ್ ಕೇಬಲ್ ಬಿಲ್ಲಿನ ಹೆದೆಯ ಹಾಗೆ ಬಿಗಿದು ನಿಂತಿತ್ತು, ಕಂಪನಿ ಉದ್ದದ ಹೊಸದನ್ನ ಹಾಕಿದ್ವಿ. ಆಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ಹ್ಯಾಂಡಲನ್ನ ಎಡತುದಿಯಿಂದ ಬಲತುದಿಗೆ ತಿರುಗಿಸಿದ್ವಿ. ಸದ್ದು ಒಂಚೂರೂ ಏರಬಾರದು. ಏರಿದ್ರೆ ಥ್ರಾಟಲ್ ಕೇಬಲ್ ಎಳೀತಿದೆ ಅಂತ ಅರ್ಥ. ಅಂಥ ಗಾಡಿ ಯು-ಟರ್ನ್‌ನಲ್ಲಿ ನೀವು ಹೇಳದೇ ಓಡುತ್ತೆ. ಎರಡೂ ತುದಿಯಲ್ಲಿ ಹಿಡಿ ಟ್ಯಾಂಕಿಗೆ ತಾಗಬಾರದು, ಥ್ರಾಟಲ್ ಬಿಟ್ಟ ಕೂಡಲೇ ಟಪ್ ಅಂತ ವಾಪಸ್ ಬರಬೇಕು, ಬ್ರೇಕ್ ಲೈಟ್, ಹಾರನ್ ಕೆಲಸ ಮಾಡಬೇಕು. ಇಷ್ಟೂ ಆದ ಮೇಲೆ ಕ್ಯಾಂಪಸ್ ಒಳಗೇ ಎರಡು ಸುತ್ತು, ಮತ್ತೆ ಒಂದು ಸಲ ಸ್ಪ್ಯಾನರ್.

ಜೋಮು ಒಂದೇ ದಿನಕ್ಕೆ ಹೋಗಲಿಲ್ಲ. ನರ ನಮ್ಮ ಸಬ್ಮಿಷನ್ ಡೇಟ್ ನೋಡಿಕೊಂಡು ವಾಸಿಯಾಗೋದಿಲ್ಲ. ಗುಬ್ಬಿ ದಾಟಿ ಒಂದು ಕಡೆ ನಿಂತು ಟೀ ಕುಡಿದು ಕೈಗೆ ಬಿಡುವು ಕೊಡೋದನ್ನ ಉದ್ದಣ್ಣ ಕಡ್ಡಾಯ ಮಾಡಿಕೊಂಡ. ಐದಾರು ವಾರದ ಮೇಲೆ ಒಂದು ಶನಿವಾರ ರಾತ್ರಿ ಫೋನ್ ಮಾಡಿ, "ಊರಿಗೆ ಬಂದ್ರೂ ಬೆರಳು ಹತ್ತೂ ನನ್ನವೇ" ಅಂದ. ಹಿಂದಿನಿಂದ ಅವರಪ್ಪನ ದನಿ ಕೇಳ್ತಿತ್ತು, "ಮೋಟರ್ ಹಾಕ್ಬಾರೋ, ಕರೆಂಟ್ ಬಂತು" ಅಂತ. ಗಾಡಿ ಮಾರೋ ಮಾತು ಮತ್ತೆ ಬಂದಿಲ್ಲ.

ನಿಮ್ಮಲ್ಲೂ ಯಾರಿಗಾದ್ರೂ ಮಣಿಕಟ್ಟು ನೋವು, ಭುಜದ ನಡುವೆ ಸೆಳೆತ, ಬೆರಳಿಗೆ ಜೋಮು ಇದ್ರೆ "ಬೈಕ್ ಅಂದ್ಮೇಲೆ ಇದೆಲ್ಲ ಇರೋದೇ" ಅಂತ ಸುಮ್ಮನಾಗಬೇಡಿ. ಹ್ಯಾಂಡಲ್ ಎತ್ತರ ಇದ್ದಷ್ಟೂ ಒಳ್ಳೇದು ಅಂತಾನೂ ತಿಳೀಬೇಡಿ. ತೀರಾ ನೆಟ್ಟಗೆ ಕೂತ್ರೆ ಗುಂಡಿಯ ಹೊಡೆತ ಪೂರ್ತಿ ಸೊಂಟಕ್ಕೇ. ನಿಮ್ಮ ಕೈ ಎಲ್ಲಿಗೆ ಬರುತ್ತೋ ಅದೇ ನಿಮ್ಮ ಅಳತೆ. ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಹಿಂದಿನ ಪಾರ್ಕಿಂಗ್‌ಗೆ ಬನ್ನಿ. ದಾರ, ನಟ್, ಸ್ಪ್ಯಾನರ್ ಸೆಟ್ ನಮ್ಮ ಹತ್ತಿರ ಇದೆ. ಟೀ ಮಾತ್ರ ನಿಮ್ಮದು.